ಅವ್ವನ ಶುಗರ್ ಮೆಷಿನ್ನು, ನನ್ನ ಅಚ್ಚು ಬೆಲ್ಲ

ಈ ಸಲ ಆಷಾಢದಲ್ಲಿ ನನ್ನ ಅಚ್ಚು ಬೆಲ್ಲ ಬೆವರಲಿಲ್ಲ. ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿಲ್ಲ, ಸಕ್ಕರೆ ಬೆರೆಸಿಲ್ಲ. ಇದು ಎಂಥ ಮಾತು ಅಂತ ಮಂಡ್ಯದ ಕಡೆ ಆಲೆಮನೆ ನಡೆಸುವವರಿಗೆ ಗೊತ್ತು.

ಹೋದ ವರ್ಷ ಎಂಟು ಕ್ವಿಂಟಲ್ ಗೋಣಿಚೀಲದೊಳಗೇ ನೀರು ಬಿಟ್ಟಿತ್ತು. ಅಚ್ಚಿನ ಮೂಲೆಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಬಿಡಿಸಿದರೆ ಗೋಣಿಯ ನಾರೂ ಕಿತ್ತು ಬರುತ್ತಿತ್ತು. ಮಂಡಿಯಲ್ಲಿ ಕ್ವಿಂಟಲ್‌ಗೆ ಸಾವಿರದ ಮೇಲೆ ಮುರಿದುಕೊಂಡರು. ಒಟ್ಟು ಒಂಬತ್ತು ಸಾವಿರದ ಹತ್ತಿರ ಹೋಯಿತು.

ಹದ ತಪ್ಪಿದೆ ಅಂದರು ಎಲ್ಲರೂ. ಪಾಕ ಇನ್ನೂ ಏರಿಸಿದೆ, ತಳ ಹಿಡಿಯಿತು. ಸುಣ್ಣ ಜಾಸ್ತಿ ಮಾಡಿದೆ, ಬೆಲ್ಲ ಕಪ್ಪಾಯಿತು. ಆಮೇಲೆ ಗೊತ್ತಾಯಿತು, ತಪ್ಪಿದ್ದದ್ದು ಕಡಿದ ಕಬ್ಬನ್ನು ಅರೆಯದೆ ದಿನಗಟ್ಟಲೆ ಬಿಟ್ಟದ್ದರಲ್ಲಿ. ಕಡಿದ ತಕ್ಷಣ ಕಬ್ಬಿನ ಜೀವ ಹೋಗಲ್ಲ. ಅದರೊಳಗಿನ ಇನ್ವರ್ಟೇಸ್ ಅನ್ನುವ ಕಿಣ್ವ ಸುಕ್ರೋಸನ್ನು, ಅಂದರೆ ಕಬ್ಬಿನ ಸಕ್ಕರೆಯನ್ನು, ಮುರಿಯುತ್ತಲೇ ಇರುತ್ತದೆ. ಒಂದು ಅಣು ಮುರಿದರೆ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಸುಕ್ರೋಸ್ ಹರಳುಗಟ್ಟುತ್ತದೆ, ಫ್ರಕ್ಟೋಸ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನನ್ನ ಕಬ್ಬು ಲಾರಿ ಸಿಗದೆ ಮೂರು-ನಾಲ್ಕು ದಿನ ಬಿಸಿಲಲ್ಲಿ ಬಿದ್ದಿತ್ತು.

ಎಷ್ಟು ಮುರಿದಿದೆ ಅಂತ ನೋಡುವುದು ಹೇಗೆ? ಬ್ರಿಕ್ಸ್ ಮೀಟರ್ ಒಟ್ಟು ಸಿಹಿ ಹೇಳುತ್ತದೆ ಅಷ್ಟೆ. ಒಂದು ಬೆಳಿಗ್ಗೆ ಅವ್ವ ಬೆರಳು ಚುಚ್ಚಿಕೊಂಡು ಶುಗರ್ ನೋಡಿಕೊಳ್ಳುವಾಗ ಹೊಳೆಯಿತು. ಒಂದು ಚಮಚ ಕಬ್ಬಿನ ಹಾಲಿಗೆ ಒಂಬತ್ತು ಚಮಚ ಕಾಯಿಸಿ ಆರಿಸಿದ ನೀರು ಬೆರೆಸಿ ಶುಗರ್ ಮೆಷಿನ್ನಿನ ಪಟ್ಟಿಗೆ ಮುಟ್ಟಿಸಿದೆ.

"ಕಬ್ಬಿನ ಹಾಲೆಲ್ಲಾ ಸಕ್ಕರೆನೇ, ಅದರಲ್ಲಿ ಇನ್ನೇನಣ್ಣ ಅಳೀತೀಯ?" ಅಂದ ಪಾಕ ಇಳಿಸುವ ಹುಡುಗ. ಆದರೆ ಪಟ್ಟಿಯ ಮೇಲಿರುವುದೂ ಒಂದು ಕಿಣ್ವವೇ. ಅದಕ್ಕೆ ಬಿಡಿ ಗ್ಲೂಕೋಸ್ ಮಾತ್ರ ಹಿಡಿಸುತ್ತದೆ. ಫ್ರಕ್ಟೋಸ್ ಜೊತೆ ಕೂಡಿಕೊಂಡಿರುವ ಗ್ಲೂಕೋಸನ್ನು, ಅಂದರೆ ಸುಕ್ರೋಸನ್ನು, ಅದು ಮುಟ್ಟುವುದಿಲ್ಲ.

ಅದೇ ದಿನ ಕಡಿದ ಕಬ್ಬಿನ ಹಾಲಿಗೆ ಐವತ್ತರ ಆಸುಪಾಸು ಬಂತು. ಮೂರು ದಿನದ್ದಕ್ಕೆ ನೂರು ದಾಟಿತು. ರಕ್ತಕ್ಕಂತ ಮಾಡಿದ ಮೆಷಿನ್ನು, ಅಂಕಿ ಕರಾರುವಾಕ್ಕಲ್ಲ. ಆದರೆ ಇವತ್ತಿಗೂ ನಿನ್ನೆಗೂ ಹೋಲಿಸಲು ಸಾಕು. ಪಟ್ಟಿಗೆ ಇಪ್ಪತ್ತು ರೂಪಾಯಿ, ಒಂದು ಕೊಪ್ಪರಿಗೆಗೆ ಒಂದು ಪಟ್ಟಿ.

ಈಗ ಕಡಿದ ದಿನವೇ ಗಾಣಕ್ಕೆ. ಕಡಿಯುವವರಿಗೆ ಕೂಲಿ ಜಾಸ್ತಿ ಕೊಡುತ್ತೇನೆ, ಆದರೂ ಗಿಟ್ಟುತ್ತದೆ. ಕುದಿ ಬಂದರೆ ಕಿಣ್ವವೇನೋ ಸಾಯುತ್ತದೆ, ಆದರೆ ಹಾಲಿನ ಹುಳಿ ಬಿಸಿಗೆ ಸುಕ್ರೋಸನ್ನು ಮುರಿಯುತ್ತಲೇ ಹೋಗುತ್ತದೆ. ಅದಕ್ಕೇ ಸುಣ್ಣದ ತಿಳಿ. ಹುಳಿ ಕಮ್ಮಿಯಾದಷ್ಟೂ ಪಿಹೆಚ್ ಅಂಕಿ ಏರುತ್ತದೆ; ಐದೂ ಕಾಲು ಇದ್ದದ್ದನ್ನು ಆರು ದಾಟಿಸಿ ನಿಲ್ಲಿಸುತ್ತೇನೆ.

ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ. ಲೋಳೆ ಅಂದರೆ ಉದ್ದುದ್ದ ಸಕ್ಕರೆಯ ಸರಪಳಿ. ಬಿಸಿಗೆ ಗಟ್ಟಿಯಾದ ಪ್ರೋಟೀನು, ಕಸ ಎಲ್ಲವನ್ನೂ ಬಲೆ ಬೀಸಿದ ಹಾಗೆ ಮೇಲೆ ತರುತ್ತದೆ. ಕಾಂಡ ಯಾವಾಗ ಜಜ್ಜಬೇಕು, ಯಾವ ಬಿಸಿಯಲ್ಲಿ ಸುರಿಯಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸೀಸನ್ ಕಳೆದು ಕಲಿತದ್ದು ಅದು.

ಸುಮ್ನೆ ಇರಲಾರದೆ ಒಂದು ಸಣ್ಣ ಪಾತ್ರೆಯಲ್ಲಿ ಹಾಲಿಗೆ ನಿಂಬೆಹಣ್ಣು ಹಿಂಡಿ ಕಾಯಿಸಿದೆ. ಪಾಕ ಎಷ್ಟು ಆರಿದರೂ ಅಚ್ಚಿಗೆ ಕೂರಲಿಲ್ಲ, ಜೇನಿನ ಹಾಗೆ ಇಳಿಯುತ್ತಿತ್ತು. ಮಲೆನಾಡಿನ ಜೋನಿ ಬೆಲ್ಲದಂತೆಯೇ ಅಲ್ವಾ? ಬಾಟಲಿಗೆ ತುಂಬಿಟ್ಟೆ. ನಾಲ್ಕು ತಿಂಗಳಾದರೂ ತಳದಲ್ಲಿ ಹರಳು ಕೂತಿಲ್ಲ. ಬರುವ ಸೀಸನ್‌ನಲ್ಲಿ ಒಂದು ಪೂರ್ತಿ ಕೊಪ್ಪರಿಗೆ ಇದನ್ನೇ ಇಳಿಸುತ್ತೇನೆ.