ರೀಡಿಂಗ್ ಪರೀಕ್ಷೆ ಬರೆದ ಮೇಲೆ ಉತ್ತರಗಳನ್ನು ತಾಳೆ ನೋಡುವುದು ಹೇಗೆ

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಆರೇಳು ವಿದ್ಯಾರ್ಥಿಗಳು ಕುಳಿತು, ವಿದೇಶದಲ್ಲಿ ಓದಲು ಅಥವಾ ಕೆಲಸ ಮಾಡಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ರೀಡಿಂಗ್‌ನ ಮಾದರಿ ಪರೀಕ್ಷೆ ಬರೆಯುತ್ತಾರೆ. ಹೆಚ್ಚಿನವರು ನರ್ಸಿಂಗ್ ಮುಗಿಸಿದವರು, ಇಬ್ಬರು ಇಂಜಿನಿಯರಿಂಗ್‌ನವರು. ಒಬ್ಬಳು ಕುಮಟಾದಿಂದ ಮೊದಲ ಬಸ್ಸು ಹಿಡಿದು ದೇವಿಮನೆ ಘಟ್ಟ ಹತ್ತಿ ಬರುತ್ತಾಳೆ. ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಅಲಾರಾಂ ಹೊಡೆದ ಮರುಗಳಿಗೆಯಲ್ಲೇ ‘ಹದಿನೇಳಕ್ಕೆ ನೀ ಏನ್ ಬರದೆ?’ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಓದಿದ್ದು ಇನ್ನೂ ತಲೆಯಲ್ಲಿ ಬಿಸಿಯಾಗಿರುವ ಆ ಅರ್ಧ ಗಂಟೆಯಲ್ಲಿ ಕಲಿಯುವಷ್ಟನ್ನು ಮುಂದಿನ ವಾರವಿಡೀ ಒಬ್ಬರೇ ಕುಳಿತು ಓದಿದರೂ ಕಲಿಯಲಾಗದು ಎಂದು ನನಗೆ ಅನುಭವದಿಂದ ಮನವರಿಕೆಯಾಗಿದೆ. ಆದ್ದರಿಂದ ಅದನ್ನು ಗದ್ದಲದಲ್ಲಿ ಕಳೆಯದೆ ಒಂದು ಕ್ರಮದಲ್ಲಿ ಬಳಸಿಕೊಳ್ಳುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಪೆನ್ಸಿಲ್ ಕೆಳಗಿಡಬೇಕು, ರಬ್ಬರನ್ನು ಚೀಲದೊಳಗೆ ಹಾಕಬೇಕು. ಬಳಿಕ ಯಾರೊಂದಿಗೂ ಮಾತಾಡದೆ ಪ್ರತಿ ಉತ್ತರದ ಪಕ್ಕದಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿಕೊಳ್ಳಬೇಕು: ಖಚಿತವಿದ್ದರೆ ಸರಿಗುರುತು, ಅನುಮಾನವಿದ್ದರೆ ಪ್ರಶ್ನಾರ್ಥಕ ಚಿಹ್ನೆ, ಊಹೆಯಾಗಿದ್ದರೆ ಸೊನ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯದ ಪರೀಕ್ಷೆಯಾದ್ದರಿಂದ ಊಹಿಸಿ ಬರೆಯುವುದು ಸರಿಯೇ, ಆದರೆ ಊಹೆಯಿಂದ ಸಿಕ್ಕ ಅಂಕವನ್ನು ತಿಳಿವಳಿಕೆಯಿಂದ ಬಂದ ಅಂಕವೆಂದು ಎಣಿಸಿಕೊಂಡರೆ ಪರೀಕ್ಷೆಯ ದಿನ ಅದು ಕೈಕೊಡುತ್ತದೆ. ಈ ಗುರುತಿನ ನಿಯಮ ನಾನು ಮೊದಲಿನಿಂದ ಇಟ್ಟುಕೊಂಡದ್ದಲ್ಲ. ಕೊಟ್ಟ ಹೇಳಿಕೆ ಪ್ಯಾಸೇಜಿನ ಪ್ರಕಾರ ನಿಜವೋ (‘ಟ್ರೂ’), ಸುಳ್ಳೋ (‘ಫಾಲ್ಸ್’), ಅದರಲ್ಲಿ ಹೇಳಿಯೇ ಇಲ್ಲವೋ (‘ನಾಟ್ ಗಿವನ್’) ಎಂದು ಗುರುತಿಸುವ ಪ್ರಶ್ನೆಯೊಂದಕ್ಕೆ ಒಮ್ಮೆ ಐವರಲ್ಲಿ ನಾಲ್ವರು ‘ಟ್ರೂ’ ಎಂದಾಗ, ‘ನಾಟ್ ಗಿವನ್’ ಎಂದು ಬರೆದಿದ್ದ ಒಬ್ಬಳು ಸದ್ದಿಲ್ಲದೆ ತನ್ನ ಉತ್ತರವನ್ನು ಅಳಿಸಿ ತಿದ್ದಿಕೊಂಡಳು. ಕೀ (ಸರಿಯುತ್ತರಗಳ ಪಟ್ಟಿ) ತೆರೆದಾಗ ಸರಿಯಾಗಿದ್ದುದು ಅವಳು ಅಳಿಸಿದ ಉತ್ತರ. ಕಳೆದುಹೋದ ಒಂದು ಅಂಕಕ್ಕಿಂತ, ತಾನು ಸರಿಯಾಗಿ ಓದಿದ್ದೆನೆಂಬ ಧೈರ್ಯವನ್ನು ಅವಳು ಬಿಟ್ಟುಕೊಟ್ಟದ್ದು ನನಗೆ ಹೆಚ್ಚು ಬೇಸರ ತಂದಿತು.

ಗುರುತು ಹಾಕಿ ಆದ ಮೇಲೆ ಉತ್ತರಗಳನ್ನು ಕ್ರಮವಾಗಿ ಓದಿಸಿ, ಭಿನ್ನವಾಗಿರುವ ಪ್ರಶ್ನೆಗಳ ಸಂಖ್ಯೆಯನ್ನು ಮಾತ್ರ ಹಲಗೆಯ ಮೇಲೆ ಬರೆದುಕೊಳ್ಳಬೇಕು. ಎಲ್ಲರ ಉತ್ತರವೂ ಒಂದೇ ಆಗಿದ್ದು ಇಬ್ಬರು ಮೂವರು ಸೊನ್ನೆ ಹಾಕಿದ್ದರೆ ಅದೂ ಹಲಗೆಗೆ ಸೇರಬೇಕು, ಏಕೆಂದರೆ ಎಲ್ಲರೂ ಒಂದೇ ಬಲೆಗೆ ಬಿದ್ದಿರುವ ಸಾಧ್ಯತೆ ಅಲ್ಲಿ ಹೆಚ್ಚು. ಆಮೇಲೆ ಒಂದೊಂದೇ ಸಂಖ್ಯೆಯನ್ನು ಹಿಡಿದು, ಪ್ರತಿಯೊಬ್ಬರೂ ತಾವು ಯಾವ ಸಾಲನ್ನು ನಂಬಿ ಉತ್ತರಿಸಿದೆವೋ ಆ ಸಾಲನ್ನು ಪ್ಯಾಸೇಜಿನಲ್ಲಿ ಬೆರಳಿಟ್ಟು ತೋರಿಸಬೇಕು. ಸಾಲು ತೋರಿಸಲಾಗದವರ ಉತ್ತರ ಸದ್ಯಕ್ಕೆ ಚರ್ಚೆಯಿಂದ ಹೊರಗೆ. ಗುಂಪಿನಲ್ಲಿ ಜಾಣನೆಂದು ಹೆಸರಾದವನು ಕೊನೆಗೆ ಮಾತಾಡಬೇಕು. ಅವನು ಮೊದಲೇ ಬಾಯಿಬಿಟ್ಟರೆ ಉಳಿದವರು ಪ್ಯಾಸೇಜನ್ನು ನೋಡುವುದನ್ನು ಬಿಟ್ಟು ಅವನ ಮುಖವನ್ನು ನೋಡತೊಡಗುತ್ತಾರೆ.

ಜಗಳ ಹೆಚ್ಚಾಗಿ ಹುಟ್ಟುವುದು ‘ಫಾಲ್ಸ್’ ಮತ್ತು ‘ನಾಟ್ ಗಿವನ್’ ನಡುವೆ, ಅಥವಾ ‘ಟ್ರೂ’ ಮತ್ತು ‘ನಾಟ್ ಗಿವನ್’ ನಡುವೆ. ಅಭ್ಯಾಸಕ್ಕೆಂದು ನಾನೇ ಇಂಗ್ಲಿಷಿನಲ್ಲಿ ಬರೆದ ಪ್ಯಾಸೇಜೊಂದರ ಸಾರ ಹೀಗಿತ್ತು: ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬೆಳೆಯುವ ಕಗ್ಗ ಭತ್ತವು ಉಪ್ಪುನೀರನ್ನು ತಾಳಿಕೊಳ್ಳುತ್ತದೆ; ಹಲವು ರೈತರು ಅದನ್ನು ಬಿಟ್ಟು ಸಿಗಡಿ ಸಾಕಣೆಗೆ ತಿರುಗಿದ್ದಾರೆ, ಆದರೂ ಕೆಲವರು ಇಂದಿಗೂ ಕಗ್ಗವನ್ನೇ ಬೆಳೆಯುತ್ತಾರೆ. ಇದಕ್ಕೆ ಎರಡು ಹೇಳಿಕೆಗಳಿದ್ದವು. ಗಜನಿಯ ರೈತರೆಲ್ಲರೂ ಕಗ್ಗವನ್ನು ಕೈಬಿಟ್ಟಿದ್ದಾರೆ ಎಂಬುದು ಮೊದಲನೆಯದು. ‘ಕೆಲವರು ಇಂದಿಗೂ’ ಎಂಬ ಮಾತು ಅದನ್ನು ನೇರವಾಗಿ ಸುಳ್ಳು ಮಾಡುತ್ತದೆಯಾದ್ದರಿಂದ ಉತ್ತರ ‘ಫಾಲ್ಸ್’. ಸಿಗಡಿ ಸಾಕಣೆಯಲ್ಲಿ ಕಗ್ಗಕ್ಕಿಂತ ಹೆಚ್ಚು ಲಾಭವಿದೆ ಎಂಬುದು ಎರಡನೆಯದು. ಕುಮಟಾದ ಹುಡುಗಿ ‘ಟ್ರೂ’ ಎಂದು ಬರೆದು ಎದುರಿಗೆ ಸರಿಗುರುತನ್ನೂ ಹಾಕಿದ್ದಳು. ಸಾಲು ತೋರಿಸು ಎಂದಾಗ ‘ತಿರುಗಿದ್ದಾರೆ’ ಎಂಬಲ್ಲಿ ಬೆರಳಿಟ್ಟು, ಲಾಭವಿಲ್ಲದೆ ಯಾರು ತಿರುಗುತ್ತಾರೆ, ನಮ್ಮ ಚಿಕ್ಕಪ್ಪನೇ ಅದಕ್ಕೆ ಸಾಕ್ಷಿ ಎಂದಳು. ಅವಳ ಮಾತು ಊರಿನ ಮಟ್ಟಿಗೆ ನಿಜವೇ ಇರಬಹುದು. ಆದರೆ ಪ್ಯಾಸೇಜಿನಲ್ಲಿ ಲಾಭದ ಹೋಲಿಕೆಯೇ ಇಲ್ಲವಾದ್ದರಿಂದ ಉತ್ತರ ‘ನಾಟ್ ಗಿವನ್’. ನಮಗೆ ಚೆನ್ನಾಗಿ ಗೊತ್ತಿರುವ ವಿಷಯವೇ ಬಂದಾಗ ಕಣ್ಣು ಸಾಲನ್ನು ಬಿಟ್ಟು ನೆನಪನ್ನು ಓದುತ್ತದೆ ಎಂಬುದು ಆ ದಿನ ಜಗುಲಿಯಲ್ಲಿದ್ದ ಎಲ್ಲರಿಗೂ ಮನದಟ್ಟಾಯಿತು.

ಇಂಥ ಪ್ರಶ್ನೆ ಬಂದಾಗ ಗುಂಪು ಎರಡು ಮಾತು ಕೇಳಿಕೊಂಡರೆ ಸಾಕು. ಬೆರಳಿಟ್ಟ ಸಾಲು ಹೇಳಿಕೆಯನ್ನು ಪೂರ್ತಿಯಾಗಿ ಎತ್ತಿಹಿಡಿಯುತ್ತದೆಯೇ? ಇಲ್ಲವಾದರೆ, ಹೇಳಿಕೆ ಸುಳ್ಳೆಂದು ಅದೇ ಸಾಲಿನಿಂದ ಸಾಧಿಸಿ ತೋರಿಸಬಹುದೇ? ಎರಡೂ ಆಗದಿದ್ದರೆ ‘ನಾಟ್ ಗಿವನ್’. ‘ಆಲ್’, ‘ಮೋಸ್ಟ್’, ‘ಓನ್ಲಿ’, ‘ಮೇ’ ಎಂಬಂಥ ಸಣ್ಣ ಪದಗಳ ಕೆಳಗೆ ಎಲ್ಲರೂ ಗೆರೆ ಎಳೆದುಕೊಳ್ಳಲಿ. ಈ ಬಗೆಯ ಹೇಳಿಕೆಗಳು ಪ್ಯಾಸೇಜಿನ ಕ್ರಮದಲ್ಲೇ ಬರುವುದರಿಂದ, ಹಿಂದಿನ ಮತ್ತು ಮುಂದಿನ ಪ್ರಶ್ನೆಗಳ ಸಾಲುಗಳು ಸಿಕ್ಕಿದರೆ ನಡುವಿನದನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವ ಪ್ರಶ್ನೆಗಳಿಗೆ ಈ ಕ್ರಮ ಅನ್ವಯಿಸದು; ಅಲ್ಲಿ ಪ್ರತಿಯೊಬ್ಬರೂ ಪ್ಯಾರಾದ ತಿರುಳನ್ನು ಕನ್ನಡದಲ್ಲೇ ಒಂದು ವಾಕ್ಯದಲ್ಲಿ ಹೇಳಲಿ, ವ್ಯತ್ಯಾಸ ತಾನಾಗಿ ಹೊರಬೀಳುತ್ತದೆ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಬಾಯಿಮಾತಿನ ತಾಳೆಯನ್ನು ನಂಬಲೇಬಾರದು. ಎರಡು ಪದ ಮೀರಬಾರದೆಂಬ ಸೂಚನೆಯಿದ್ದ ಪ್ರಶ್ನೆಗೆ ಒಬ್ಬ ‘ಸಾಲ್ಟ್ ವಾಟರ್’ ಎಂದೂ ಮತ್ತೊಬ್ಬ ‘ದಿ ಸಾಲ್ಟ್ ವಾಟರ್’ ಎಂದೂ ಬರೆದು, ನಮ್ಮಿಬ್ಬರದೂ ಒಂದೇ ಎಂದು ಸಮಾಧಾನಪಟ್ಟುಕೊಂಡಿದ್ದರು. ಎರಡನೆಯವನದು ಮೂರು ಪದವಾದ್ದರಿಂದ ಅಂಕವಿಲ್ಲ. ಕಾಗುಣಿತ ತಪ್ಪಿದರೂ, ಬಹುವಚನದ ಎಸ್ ಬೇಕಿದ್ದಲ್ಲಿ ಬಿಟ್ಟರೂ ಅಂಕ ಹೋಗುತ್ತದೆ. ಹಾಗಾಗಿ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಅಕ್ಷರ ಅಕ್ಷರ ನೋಡಬೇಕು.

ಇಷ್ಟಾದ ಮೇಲೆಯೇ ಕೀ ತೆರೆಯಬೇಕು. ಕೀ ಹೇಳಿದ್ದು ಗುಂಪಿನ ತೀರ್ಮಾನಕ್ಕೆ ವಿರುದ್ಧವಾಗಿದ್ದರೆ ಮತ್ತೊಮ್ಮೆ ಸಾಲಿಗೆ ಹೋಗಿ, ಕೀ ಏಕೆ ಸರಿ ಎಂದು ಒಬ್ಬರಾದರೂ ವಿವರಿಸುವ ತನಕ ಆ ಸಂಖ್ಯೆಯನ್ನು ಹಲಗೆಯಿಂದ ಒರೆಸಬಾರದು. ಅಂಕ ಕೂಡುವ ಕೆಲಸ ಕೊನೆಯದು. ಸರಿಯುತ್ತರಗಳ ಸಂಖ್ಯೆಯನ್ನು ಬ್ಯಾಂಡ್ ಎಂಬ 9ರವರೆಗಿನ ದರ್ಜೆಗೆ ಪರಿವರ್ತಿಸುತ್ತಾರೆ. ಪರೀಕ್ಷೆಯಲ್ಲಿ ಎರಡು ಬಗೆ: ಉನ್ನತ ಓದಿಗೆ ಮತ್ತು ವೃತ್ತಿ ನೋಂದಣಿಗೆ ಅಕಾಡೆಮಿಕ್, ಹೆಚ್ಚಾಗಿ ವಲಸೆ ಹೋಗುವವರಿಗೆ ಜನರಲ್ ಟ್ರೇನಿಂಗ್. ಅಕಾಡೆಮಿಕ್ ರೀಡಿಂಗ್‌ನಲ್ಲಿ ಸರಾಸರಿಯಾಗಿ 23 ಸರಿಯುತ್ತರಕ್ಕೆ 6, 30ಕ್ಕೆ 7, 35ಕ್ಕೆ 8 ಬ್ಯಾಂಡ್ ಸಿಗುತ್ತದೆ; ಪ್ರಶ್ನೆಪತ್ರಿಕೆಯಿಂದ ಪ್ರಶ್ನೆಪತ್ರಿಕೆಗೆ ಇದು ತುಸು ಬದಲಾಗುತ್ತದೆ. ಜನರಲ್ ಟ್ರೇನಿಂಗ್‌ನಲ್ಲಿ ಅದೇ 30ಕ್ಕೆ ಸಿಗುವುದು 6, ಮತ್ತು 7ಕ್ಕೆ 34 ಬೇಕು. ಎರಡು ಬಗೆಯ ಪರೀಕ್ಷೆಗೆ ತಯಾರಾಗುತ್ತಿರುವವರು ಒಂದೇ ಜಗುಲಿಯಲ್ಲಿ ಕುಳಿತಾಗ ಈ ಪಟ್ಟಿಗಳು ಬೆರೆತುಹೋಗಿ, ಒಬ್ಬರು ಅಕಾರಣ ಹಿಗ್ಗಿ ಇನ್ನೊಬ್ಬರು ಅಕಾರಣ ಕುಗ್ಗುವುದನ್ನು ನಾನು ನೋಡಿದ್ದೇನೆ.

ಮೇಲೆ ಹೇಳಿದ್ದೆಲ್ಲ ಮಾದರಿ ಪರೀಕ್ಷೆಗೆ ಮಾತ್ರ. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹಂಚುವುದಿಲ್ಲವೆಂಬ ನಿಬಂಧನೆಗೆ ಅಭ್ಯರ್ಥಿ ಒಪ್ಪಿಯೇ ಒಳಗೆ ಹೋಗಿರುತ್ತಾನೆ. ಅಲ್ಲಿನ ಪ್ಯಾಸೇಜುಗಳನ್ನೂ ಉತ್ತರಗಳನ್ನೂ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು, ಗೆಳೆಯರೊಂದಿಗೆ ಚರ್ಚಿಸಲೂಬಾರದು. ಅದಕ್ಕೆ ಕೀ ಹೊರಬರುವುದಿಲ್ಲ, ಬೇರೆಯವರಿಗೆ ಬೇರೆ ಪ್ರಶ್ನೆಪತ್ರಿಕೆ ಸಿಕ್ಕಿರಲೂಬಹುದು. ಹೀಗಿರುವಾಗ ಗೆಳತಿಯ ಹದಿನೇಳನೆಯ ಉತ್ತರ ನಿಮ್ಮ ಹದಿನೇಳಕ್ಕೆ ಏನನ್ನೂ ಹೇಳದು. ಸ್ಪೀಕಿಂಗ್ ಪರೀಕ್ಷೆ ಬೇರೆ ದಿನಕ್ಕೆ ಉಳಿದಿದ್ದರಂತೂ ಈ ಲೆಕ್ಕಾಚಾರದಿಂದ ಇದ್ದ ಸ್ಥೈರ್ಯವೂ ಹೋಗುತ್ತದೆ. ಮಂಗಳೂರಿನಲ್ಲಿ ಪರೀಕ್ಷೆ ಮುಗಿಸಿ ರೈಲು ಹತ್ತಿದವರು ಹೊನ್ನಾವರದ ಶರಾವತಿ ಸೇತುವೆ ಬರುವುದರೊಳಗೆ ತಮ್ಮದೇ ವಹಿಯಲ್ಲಿ ಮೂರು ಪ್ಯಾಸೇಜಿಗೆ ಎಷ್ಟೆಷ್ಟು ನಿಮಿಷ ಹಿಡಿಯಿತು, ಕೊನೆಗೆ ಎಷ್ಟು ಊಹೆ ಮಾಡಬೇಕಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಫಲಿತಾಂಶ ಮಾದರಿ ಪರೀಕ್ಷೆಗಳ ಅಂಕಕ್ಕಿಂತ ತೀರ ಕೆಳಗಿದ್ದರೆ, ಪರೀಕ್ಷೆಯ ದಿನದಿಂದ ಆರು ವಾರಗಳೊಳಗೆ ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಲು ಅವಕಾಶವಿದೆ. ಕೇಳಬೇಕೋ ಬೇಡವೋ ಎಂದು ನಿರ್ಧರಿಸಲು ಆ ವಹಿಯ ಪುಟ ನೆರವಾಗುತ್ತದೆ.