ಬಿ. ಜಯಶ್ರೀ ಅವರ ಬದುಕನ್ನು ಒಂದು ಗಂಟೆಗೆ ಇಳಿಸಿದ್ದು: ನನ್ನ ಅನುಭವ

ಬಿ. ಜಯಶ್ರೀ ಅವರ ಬದುಕು ಮತ್ತು ನಟನೆಯ ಮೇಲೆ ನಮ್ಮ ಹವ್ಯಾಸಿ ತಂಡ ಒಂದು ಗಂಟೆಯ ಕಾರ್ಯಕ್ರಮ ಮಾಡಿಕೊಂಡು ಬಂದಿದೆ. ಮಾತು, ಹಾಡು ನನ್ನದು. ಜೊತೆಗೆ ಹಾರ್ಮೋನಿಯಂ ಮೇಷ್ಟ್ರು, ತಬಲಾ ನುಡಿಸುವವರು, ಮತ್ತೆ ಕಾಲೇಜು ಓದುವ ಇಬ್ಬರು ಹುಡುಗಿಯರು. ಕಾಲೇಜು, ಮಹಿಳಾ ಸಮಾಜ, ಊರಿನ ಸಮುದಾಯ ಭವನ, ಎಲ್ಲಿ ಕರೆದರೂ ಹೋಗುತ್ತೇವೆ. ಇದನ್ನು ಹೇಗೆ ಕಟ್ಟಿದಿರಿ ಅಂತ ಬೇರೆ ತಂಡದವರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕಷ್ಟ ಅಂದರೆ ಹೇಳಬೇಕಾದ್ದು ತುಂಬಾ ಜಾಸ್ತಿ. 1950ರಲ್ಲಿ ಹುಟ್ಟಿದವರು. ಪುಟ್ಟ ಹುಡುಗಿಯಾಗಿರುವಾಗಲೇ, ಅಜ್ಜ ಗುಬ್ಬಿ ವೀರಣ್ಣನವರು ನಡೆಸುತ್ತಿದ್ದ, ಟೆಂಟ್ ಹಾಕಿ ಊರೂರಲ್ಲಿ ನಾಟಕ ಆಡುವ ಗುಬ್ಬಿ ಕಂಪನಿಯ ರಂಗದ ಮೇಲೆ ಬಂದವರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಹೊರಬಂದವರು. 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದವರು. ನಟಿ, ಗಾಯಕಿ, ನಿರ್ದೇಶಕಿ, ಸಿನಿಮಾ ಕಲಾವಿದೆ, ಕಂಠದಾನ ಕಲಾವಿದೆ. ಇಷ್ಟನ್ನೂ ವರ್ಷದ ಪ್ರಕಾರ ಹೇಳುತ್ತಾ ಹೋದರೆ ಅದು ಸನ್ಮಾನ ಪತ್ರ ಓದಿದ ಹಾಗೆ ಆಗುತ್ತದೆ. ಕೇಳುವವರಿಗೆ ಗೌರವ ಮೂಡಬಹುದು, ಆದರೆ ಒಬ್ಬ ಕಲಾವಿದೆ ಕಣ್ಣಮುಂದೆ ಬರುವುದಿಲ್ಲ.

ಹಾಗಾಗಿ ಒಂದೇ ಎಳೆ ಹಿಡಿಯೋಣ ಅಂತ ನಿರ್ಧಾರ ಮಾಡಿದೆವು. ಆ ಎಳೆ ಅವರ ಧ್ವನಿ. ಅವರು ಹಾಡಿದ ಹಳೆಯ ರಂಗಗೀತೆ ಒಂದನ್ನು ಕೇಳಿ, ಅದರ ಹಿಂದೆಯೇ 2001ರ ‘ನನ್ನ ಪ್ರೀತಿಯ ಹುಡುಗಿ’ ಸಿನಿಮಾದ ‘ಕಾರ್ ಕಾರ್’ ಹಾಡನ್ನು ಕೇಳಿ ನೋಡಿ. ಎರಡೂ ಒಂದೇ ಗಂಟಲಿನಿಂದ ಬಂದವು. ಮೊದಲನೆಯದು ಟೆಂಟಿನ ಕೊನೆಯ ಸಾಲಿಗೆ ತಲುಪಲು ಪಳಗಿದ ಧ್ವನಿ. ಎರಡನೆಯದು ರೆಕಾರ್ಡಿಂಗ್ ಮೈಕಿನ ಮುಂದೆ ನಿಂತು ತಮಾಷೆ ಮಾಡುವ ಧ್ವನಿ. ನಡುವಿನ ಇಷ್ಟು ವರ್ಷಗಳಲ್ಲಿ ಆ ಧ್ವನಿ ಎಲ್ಲೆಲ್ಲಿ ಓಡಾಡಿತು ಅಂತ ತೋರಿಸಿದರೆ ಬದುಕಿನ ಕಥೆಯನ್ನೂ ಹೇಳಿದಂತೆಯೇ ಅಲ್ವಾ?

ಕಾರ್ಯಕ್ರಮವನ್ನು ನಾನು ‘ಕಾರ್ ಕಾರ್’ ಹಾಡಿನಿಂದಲೇ ಶುರು ಮಾಡುತ್ತೇನೆ. ಕಾಲೇಜು ಮಕ್ಕಳಿಗೆ ಆ ಹಾಡು ಗೊತ್ತಿರುತ್ತದೆ, ಹಾಡಿದವರು ಯಾರು ಅಂತ ಗೊತ್ತಿರುವುದಿಲ್ಲ. ಹೆಸರು ಹೇಳಿದ ಕೂಡಲೇ ‘ಓ’ ಅನ್ನುತ್ತಾರೆ. ಅಲ್ಲಿಂದ ಹಿಂದಕ್ಕೆ, ಕಂಪನಿಗೆ ಹೋಗುತ್ತೇನೆ.

ಅವರನ್ನು ಎಲ್ಲರೂ ಗುಬ್ಬಿ ವೀರಣ್ಣನವರ ಮೊಮ್ಮಗಳು ಅಂತಲೇ ಪರಿಚಯ ಮಾಡಿಸುತ್ತಾರೆ. ಅದು ನಿಜ, ಅಭಿಮಾನದ ಮಾತೂ ಹೌದು. ವೀರಣ್ಣನವರು 1891ರಲ್ಲಿ ಹುಟ್ಟಿದವರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನು ತಂದು ನಿಲ್ಲಿಸಿದವರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದವರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಬಿ.ವಿ. ಕಾರಂತ ಎಲ್ಲರೂ ಆ ಕಂಪನಿಯ ಅನ್ನ ಉಂಡವರೇ. ಇಂಥ ಅಜ್ಜನ ಬಗ್ಗೆ ಮಾತು ಶುರುವಾದರೆ ನಿಲ್ಲುವುದಿಲ್ಲ. ಅದಕ್ಕೇ ನಾನು ಅಜ್ಜನಿಗೆ ಗಡಿಯಾರ ಇಟ್ಟೆ. ಐದು ನಿಮಿಷ, ಅಷ್ಟೇ. ಉಳಿದ ಸಮಯವನ್ನು ತಾಯಿ ಜಿ.ವಿ. ಮಾಲತಮ್ಮ ಅವರಿಗೆ ಕೊಟ್ಟೆ. ಅವರೂ ಕಂಪನಿಯ ನಟಿಯೇ. ಒಂದು ಹೆಣ್ಣುಮಗು ರಂಗದ ಪಕ್ಕದಲ್ಲಿ ಬೆಳೆಯುವಾಗ ದಿನವೂ ನೋಡುವುದು ತಾಯಿ ಬಣ್ಣ ಹಚ್ಚಿಕೊಳ್ಳುವುದನ್ನು, ತಾಯಿ ರಂಗದ ಪಕ್ಕದ ಮರೆಯಲ್ಲಿ, ಅಂದರೆ ಸೈಡ್‌ವಿಂಗ್‌ನಲ್ಲಿ, ನಿಂತು ಉಸಿರು ಹಿಡಿಯುವುದನ್ನು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲ ಕಳೆದು ತುಂಬಾ ವರ್ಷ ಆಗಿರಲಿಲ್ಲ. ಕಂಪನಿ ನಟಿ ಅಂದರೆ ಊರಿನವರು ಹೇಗೆ ನೋಡುತ್ತಿದ್ದರು ಅಂತ ಹಳೆಯ ಕಲಾವಿದೆಯರನ್ನು ಕೇಳಿದರೆ ಗೊತ್ತಾಗುತ್ತದೆ. ನಾಟಕಕ್ಕೆ ಚಪ್ಪಾಳೆ, ಬಾಡಿಗೆ ಮನೆ ಕೇಳಲು ಹೋದರೆ ಮುಚ್ಚಿದ ಬಾಗಿಲು. ಈ ಹೆಣ್ಣುಮಕ್ಕಳ ಸಾಲು ಇಲ್ಲದೆ ಜಯಶ್ರೀ ಅವರ ಕಥೆ ಅರ್ಧವೇ ಆಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಂಪನಿ ಭಾಗ ಬಂದಾಗ ನಾನು ಮೈಕ್ ಆಫ್ ಮಾಡಿಸುತ್ತೇನೆ. ಫ್ಯಾನ್‌ಗಳನ್ನೂ ನಿಲ್ಲಿಸಲು ಮೊದಲೇ ಹೇಳಿರುತ್ತೇನೆ. ಸಂಘಟಕರು ಗಾಬರಿಯಾಗುತ್ತಾರೆ. ಆದರೆ ಹಳೆಯ ಕಂಪನಿ ನಟರ ಧ್ವನಿ ಎಂಥದ್ದು ಅಂತ ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಇದಕ್ಕೆ ತಯಾರಿ ಮಾತ್ರ ಬೇಕೇ ಬೇಕು. ಕೂಗಿದರೆ ಧ್ವನಿ ಹೋಗುವುದಿಲ್ಲ, ಗಂಟಲು ಹೋಗುತ್ತದೆ. ಉಸಿರು ಹೊಟ್ಟೆಯಿಂದ ಬರಬೇಕು, ಮಾತಿನ ವೇಗ ಇಳಿಯಬೇಕು, ಕಣ್ಣು ಕೊನೆಯ ಸಾಲಿನ ಮೇಲಿರಬೇಕು.

ಇನ್ನೊಂದು ವಿಷಯ ನನಗೆ ತಾಲೀಮಿನಲ್ಲೇ ಹೊಳೆಯಿತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಅವನು ನಿನ್ನೆ ರಾತ್ರಿ ಅರಮನೆಗೆ’ ಅನ್ನುವವರೆಗೂ ಬಂದನೋ ಬರಲಿಲ್ಲವೋ ಗೊತ್ತಾಗುವುದಿಲ್ಲ. ನಾವು ಈಗಿನವರು ಮಾತಾಡುವಾಗ ಕೊನೆಯನ್ನು ನುಂಗಿಬಿಡುತ್ತೇವೆ. ಟೆಂಟಿನಲ್ಲಿ ಹಾಗೆ ನುಂಗಿದರೆ ಹಿಂದೆ ಕೂತವನಿಗೆ ಕಥೆಯೇ ತಪ್ಪಿಹೋಗುತ್ತದೆ. ಕಂಪನಿ ಶೈಲಿಯಲ್ಲಿ ಮಾತಿನ ಕೊನೆ ಎತ್ತರಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಜಯಶ್ರೀ ಅವರ ಮಾತು ಕೇಳಿ ನೋಡಿ. ಟಿವಿ ಸಂದರ್ಶನದಲ್ಲಿ ಆರಾಮಾಗಿ ಮಾತಾಡುವಾಗಲೂ ಅವರ ವಾಕ್ಯದ ಕೊನೆ ಪೂರ್ತಿ ಕೇಳಿಸುತ್ತದೆ.

ಕೊನೆ ಎತ್ತಿದರೆ ಇನ್ನೊಂದು ಅನುಕೂಲ ಇದೆ. ರಂಗಗೀತೆ ಮಾತಿನ ಬೆನ್ನಿಗೇ ಬರುತ್ತದೆ. ನಿಂತು, ಗಂಟಲು ಸರಿಮಾಡಿಕೊಂಡು ಹಾಡುವುದಕ್ಕೆ ಅಲ್ಲಿ ಸಮಯ ಇಲ್ಲ. ನಮ್ಮ ಹಾರ್ಮೋನಿಯಂ ಮೇಷ್ಟ್ರು ಕಂಪನಿಗಳಲ್ಲಿ ನುಡಿಸಿದವರು. ತಾಲೀಮಿನಲ್ಲಿ ನನ್ನನ್ನು ನಿಲ್ಲಿಸಿ, ‘ಏನಮ್ಮಾ, ಮಾತು ಒಂದು ಶ್ರುತಿ, ಹಾಡು ಒಂದು ಶ್ರುತಿ ಆದ್ರೆ ಹೇಗೆ? ಮಾತಲ್ಲೇ ಶ್ರುತಿ ಹಿಡಿ. ಕೊನೇ ಅಕ್ಷರ ಎಲ್ಲಿ ಬಿಡ್ತೀಯೋ ಅಲ್ಲಿಂದ ನಾನು ಎತ್ಕೋತೀನಿ’ ಅಂದರು. ಅವತ್ತಿನಿಂದ ಹಾರ್ಮೋನಿಯಂ ಪೆಟ್ಟಿಗೆ ಇಲ್ಲದೆ ನಾನು ಮಾತಿನ ತಾಲೀಮನ್ನೂ ಮಾಡಿಲ್ಲ. ಬರೀ ಸಂಭಾಷಣೆ ಹೇಳುವಾಗಲೂ ಹಿಂದೆ ಶ್ರುತಿ ಇರುತ್ತದೆ. ರಂಗಗೀತೆ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ದೆಹಲಿ ಭಾಗ ಚಿಕ್ಕದು. ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡದ್ದೂ ಅದೇ ವರ್ಷ. ಮರುವರ್ಷ ಮೊಮ್ಮಗಳು ನಾಟಕ ಶಾಲೆಯ ಕಲಿಕೆ ಮುಗಿಸಿದರು. ಆಗ ಆ ಶಾಲೆಗೆ ಇಬ್ರಾಹಿಂ ಅಲ್ಕಾಜಿ ನಿರ್ದೇಶಕರು. ಬೆಳಕು, ರಂಗಸಜ್ಜಿಕೆ, ಸಮಯ ಎಲ್ಲದರಲ್ಲೂ ಕಟ್ಟುನಿಟ್ಟಿಗೆ ಹೆಸರಾದವರು. ಪರದೆ ಬಿಚ್ಚಿ, ಪರದೆ ಸುತ್ತಿ ಊರೂರು ಸುತ್ತುವ ಕಂಪನಿಯಲ್ಲಿ ಬೆಳೆದ ಹುಡುಗಿಗೆ ಅದು ಪೂರ್ತಿ ಬೇರೆ ಲೋಕ. ಕಂಪನಿಯಿಂದ ಬಂದವರಲ್ಲಿ ಎಷ್ಟೋ ಜನ ಹೊಸ ರಂಗಭೂಮಿಯನ್ನು ದೂರವೇ ಇಟ್ಟರು. ಹೊಸ ರಂಗಭೂಮಿಯ ಎಷ್ಟೋ ಜನ ಕಂಪನಿ ನಾಟಕ ಅಂದರೆ ಮೂಗು ಮುರಿದರು. ಜಯಶ್ರೀ ಅವರು ಎರಡನ್ನೂ ಇಟ್ಟುಕೊಂಡರು. ನನಗೆ ಅವರ ಮೇಲೆ ಅತಿ ಹೆಚ್ಚು ಪ್ರೀತಿ ಇರುವುದು ಇದಕ್ಕೇ. ಗುಬ್ಬಿ ಕಂಪನಿಯಲ್ಲೇ ಹುಡುಗನಾಗಿ ಪಳಗಿ, ಅದೇ ನಾಟಕ ಶಾಲೆಗೆ ಹೋಗಿ ಬಂದ ಬಿ.ವಿ. ಕಾರಂತರೂ ಇದೇ ದಾರಿಯವರು. ಕಾರ್ಯಕ್ರಮದಲ್ಲಿ ಅವರ ಹೆಸರನ್ನು ಇಲ್ಲಿ ತರುತ್ತೇನೆ.

ನಾವು ಜಾಸ್ತಿ ಕೆಲಸ ಮಾಡಿದ್ದು ಕಂಠದಾನದ ಭಾಗಕ್ಕೆ. ಮಾಧವಿ, ಅಂಬಿಕಾ, ಜಯಪ್ರದಾ, ಸುಮಲತಾ ಹೀಗೆ ಎಷ್ಟೋ ನಾಯಕಿಯರಿಗೆ ತೆರೆಯ ಹಿಂದಿನಿಂದ ಜಯಶ್ರೀ ಅವರು ಧ್ವನಿ ಕೊಟ್ಟರು. ಆ ಸಿನಿಮಾಗಳನ್ನು ನೋಡಿ ಅತ್ತವರಿಗೆ ತಾವು ಯಾರ ಧ್ವನಿ ಕೇಳಿ ಅತ್ತೆವು ಅಂತ ಗೊತ್ತೇ ಇಲ್ಲ. ಇದನ್ನು ಬರೀ ಮಾತಿನಲ್ಲಿ ಹೇಳಿದರೆ ಒಂದು ಮಾಹಿತಿಯಾಗಿ ಹೋಗಿಬಿಡುತ್ತದೆ. ಸಿನಿಮಾದ ತುಣುಕು ತೋರಿಸೋಣ ಅಂದರೆ ಅನುಮತಿಯ ತೊಡಕು.

ಕೊನೆಗೆ ಹೀಗೆ ಮಾಡಿದೆವು. ಒಬ್ಬ ಹುಡುಗಿ ರಂಗದ ಮುಂದೆ ನಿಂತು ಒಂದು ಸಿಟ್ಟಿನ ಸನ್ನಿವೇಶವನ್ನು ಮಾಡುತ್ತಾಳೆ. ತುಟಿ ಆಡುತ್ತದೆ, ಧ್ವನಿ ಇಲ್ಲ. ನಾನು ಸೈಡ್‌ವಿಂಗ್‌ನಲ್ಲಿ ಮೈಕ್ ಹಿಡಿದು ಅವಳ ಮಾತು ಹೇಳುತ್ತೇನೆ. ಕಂಪನಿ ಭಾಗದಿಂದ ಆಫ್ ಆಗಿದ್ದ ಮೈಕ್ ಇಲ್ಲಿ ಮತ್ತೆ ಆನ್ ಆಗುತ್ತದೆ. ಸನ್ನಿವೇಶ ಮುಗಿದ ಮೇಲೆ ಅದನ್ನೇ ಮತ್ತೊಮ್ಮೆ ಮಾಡುತ್ತೇವೆ. ಈ ಸಲ ನಾನೂ ರಂಗದ ಮೇಲೆ, ಅವಳ ಪಕ್ಕದಲ್ಲೇ ನಿಂತಿರುತ್ತೇನೆ. ಜನ ಆ ಹುಡುಗಿಯನ್ನು ಬಿಟ್ಟು ನನ್ನ ಬಾಯಿ ನೋಡಲು ಶುರುಮಾಡುತ್ತಾರೆ.

ಎರಡರ ನಡುವೆ ಹಳೆಯ ಡಬ್ಬಿಂಗ್ ಹೇಗಿತ್ತು ಅಂತ ವಿವರಿಸುತ್ತೇನೆ. ಆಗ ಕಂಪ್ಯೂಟರ್ ಇರಲಿಲ್ಲ. ಫಿಲಂ ತುಣುಕಿನ ಎರಡೂ ತುದಿ ಸೇರಿಸಿ ಲೂಪ್ ಮಾಡಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಕಲಾವಿದರು ಪರದೆ ನೋಡುತ್ತಾ ತುಟಿಗೆ ಮಾತು ಕೂರಿಸಬೇಕು. ಒಂದು ಲೂಪಿನಲ್ಲಿ ಯಾರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿಂದ. ಅಳು, ಏದುಸಿರು, ಕೆಮ್ಮು ಎಲ್ಲವೂ ಇನ್ನೊಬ್ಬರ ಮುಖಕ್ಕೆ ಹೊಂದಬೇಕು. ಕನ್ನಡ ಸರಿಯಾಗಿ ಬಾರದ ನಾಯಕಿಯ ತುಟಿಗೆ ಕನ್ನಡದ ಅಕ್ಷರ ಹೊಂದಿಸುವುದು ಇನ್ನೂ ಕಷ್ಟ. ಟೆಂಟಿನ ಕೊನೆಗೆ ಧ್ವನಿ ಎಸೆಯುವ ನಟಿ ಇಲ್ಲಿ ಅದೇ ಧ್ವನಿಯನ್ನು ಸಣ್ಣದು ಮಾಡಬೇಕು, ಮೈಕಿಗೆ ಮುತ್ತಿಡುವಷ್ಟು ಹತ್ತಿರ ತರಬೇಕು. ಮೈಕ್ ಆಫ್ ಮಾಡಿದ ಭಾಗವನ್ನು ಆಗಲೇ ಕೇಳಿರುವ ಜನಕ್ಕೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ.

ಅವರ ಸ್ವಂತ ಸಿನಿಮಾ ಪಾತ್ರಗಳಲ್ಲಿ ನಾನು ಒಂದನ್ನೇ ತೆಗೆದುಕೊಂಡೆ: 1997ರ ‘ನಾಗಮಂಡಲ’ದ ಕುರುಡವ್ವ. ಕುರುಡಿಯ ಪಾತ್ರದಲ್ಲಿ ನಟಿಗೆ ಕಣ್ಣಿನ ನೋಟದ ಆಸರೆ ಇಲ್ಲ. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಸಾಮಾನ್ಯವಾಗಿ ಎಲ್ಲರೂ ಕಣ್ಣಲ್ಲೇ ಕೆಲಸ ಮುಗಿಸುತ್ತಾರೆ. ಅದನ್ನು ಕಿತ್ತುಕೊಂಡರೆ ಉಳಿಯುವುದು ಕೈ, ಕತ್ತು, ಧ್ವನಿ. ನಟನೆ ಕಲಿಯುವ ಹುಡುಗಿಯರಿಗೆ ಆ ಪಾತ್ರವನ್ನು ಮೊದಲು ಕಣ್ಣು ಮುಚ್ಚಿ ಕೇಳಿ, ಆಮೇಲೆ ನೋಡಿ ಅಂತ ಹೇಳುತ್ತೇನೆ. ನಮ್ಮ ಇಬ್ಬರು ಹುಡುಗಿಯರೂ ಹಾಗೆ ಮಾಡಿದ ಮೇಲೆ ಅವರ ಮಾತಿನ ರೀತಿಯೇ ಬದಲಾಯಿತು.

‘ಸ್ಪಂದನ’ದ ನಾಟಕಗಳಲ್ಲಿ ‘ಲಕ್ಷಾಪತಿ ರಾಜನ ಕಥೆ’ ಮತ್ತು ‘ಕರಿಮಾಯಿ’ ಎರಡನ್ನೂ ಹೆಸರಿಸುತ್ತೇನೆ. ಹಾಡಿ ತೋರಿಸುವುದು ‘ಕರಿಮಾಯಿ’ಯ ಬಗೆಯನ್ನು. ಅದು ಚಂದ್ರಶೇಖರ ಕಂಬಾರರ ಕಾದಂಬರಿ. ಜಯಶ್ರೀ ಅವರು ಅದನ್ನು ರಂಗಕ್ಕೆ ತಂದರು. ಊರ ದೇವತೆ, ಊರ ಗೌಡ, ಹೊಸ ಕಾಲದ ಹುಡುಗರು, ಶಿವಾಪುರ ಅನ್ನುವ ಇಡೀ ಊರೇ ಪಾತ್ರವಾಗಿರುವ ಕಥೆ. ಅಲ್ಲಿ ಒಬ್ಬರ ಧ್ವನಿ ಸಾಲದು, ಮೇಳ ಬೇಕು. ಒಬ್ಬರು ಹೇಳಿದ್ದನ್ನು ಗುಂಪು ಹಿಡಿಯಬೇಕು, ಗುಂಪು ಬಿಟ್ಟಲ್ಲಿ ಒಬ್ಬರು ಎತ್ತಬೇಕು. ನಾವು ಐದೇ ಜನ ಇರುವುದರಿಂದ ಸಭೆಯನ್ನೇ ಮೇಳ ಮಾಡಿಕೊಳ್ಳುತ್ತೇವೆ. ನಾವೇ ಕಟ್ಟಿದ ಒಂದು ಸಣ್ಣ ಸೊಲ್ಲನ್ನು ಸಭೆಗೆ ಹೇಳಿಕೊಟ್ಟು ಹಾಡಿಸುತ್ತೇವೆ. ಮಹಿಳಾ ಸಮಾಜಗಳಲ್ಲಿ ಇದು ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಅಂದರೆ ನಿಲ್ಲಿಸುವುದೇ ಕಷ್ಟ. ಒಬ್ಬ ನಟಿ ನಿರ್ದೇಶಕಿಯಾದಾಗ ತನ್ನ ಧ್ವನಿಯನ್ನು ಹತ್ತಾರು ಗಂಟಲುಗಳಿಗೆ ಹಂಚುತ್ತಾಳೆ. ಅದನ್ನು ಹೇಳುವುದಕ್ಕಿಂತ ಹಾಡಿಸುವುದು ವಾಸಿ.

ಪ್ರಶಸ್ತಿ, ಗೌರವಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: 1996ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಅಜ್ಜನಿಗೆ ಬಂದ 41 ವರ್ಷದ ಮೇಲೆ ಮೊಮ್ಮಗಳಿಗೂ ಅದೇ ಪದ್ಮಶ್ರೀ ಅನ್ನುವಾಗ ಸಭೆ ತಾನಾಗಿ ಚಪ್ಪಾಳೆ ತಟ್ಟುತ್ತದೆ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಒಂದೆರಡು ಮಾತು. ಅವರ ಧ್ವನಿಯನ್ನು ಅಣಕಿಸಬೇಡಿ. ಆ ಗಡಸು, ಆ ನಗು ಕೇಳಿದರೆ ಅನುಕರಣೆ ಮಾಡುವ ಆಸೆ ಆಗಿಯೇ ಆಗುತ್ತದೆ. ಹಾಗೆ ಮಾಡಿದರೆ ಜನ ನಗುತ್ತಾರೆ, ಕಥೆ ಅಲ್ಲಿಗೇ ನಿಂತುಹೋಗುತ್ತದೆ. ನಾನು ನನ್ನ ಧ್ವನಿಯಲ್ಲೇ ಹೇಳುತ್ತೇನೆ, ಅವರ ಕ್ರಮವನ್ನು ಮಾತ್ರ ಪಾಲಿಸುತ್ತೇನೆ. ಮತ್ತೆ, ಬದುಕಿರುವ ಕಲಾವಿದೆಯ ಬಾಯಲ್ಲಿ ನಮ್ಮ ಮಾತು ತುರುಕಬಾರದು. ಅವರು ತಮ್ಮ ಆತ್ಮಕಥೆಯಲ್ಲಿ, ಸಂದರ್ಶನಗಳಲ್ಲಿ ತಾವೇ ಹೇಳಿಕೊಂಡದ್ದಷ್ಟನ್ನೇ ‘ಅವರು ಹೀಗೆ ಹೇಳಿದ್ದಾರೆ’ ಅಂತ ಹೇಳುತ್ತೇನೆ. ಮನೆಯ ವಿಷಯ, ಯಾರ ಜೊತೆ ಯಾಕೆ ಮನಸ್ತಾಪ ಅನ್ನುವುದೆಲ್ಲ ನಮಗೆ ಬೇಡ. ಹಾಡಿನ ಹಕ್ಕಿನ ಬಗ್ಗೆಯೂ ಸಂಘಟಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಕಾರ್ಯಕ್ರಮದ ನಂತರ ಹಿರಿಯರು ಹತ್ತಿರ ಬಂದು ತಾವು ನೋಡಿದ ಕಂಪನಿ ನಾಟಕಗಳ ಬಗ್ಗೆ ಹೇಳುತ್ತಾರೆ. ಯಾವ ಊರಿನ ಕ್ಯಾಂಪ್, ಯಾರು ಯಾವ ಪಾತ್ರ ಮಾಡಿದ್ದರು, ಯಾವ ಹಾಡಿಗೆ ಒನ್ಸ್ ಮೋರ್ ಬಿತ್ತು ಅಂತೆಲ್ಲ. ಅವರ ಒಪ್ಪಿಗೆ ಕೇಳಿ ಆ ಮಾತುಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಒಬ್ಬ ಅಜ್ಜಿ ಮರೆತೇಹೋಗಿದ್ದ ಒಂದು ರಂಗಗೀತೆಯ ಎತ್ತುಗಡೆ ಹಾಡಿ ತೋರಿಸಿದರು. ಮೇಷ್ಟ್ರು ಅದಕ್ಕೆ ಶ್ರುತಿ ಹಿಡಿದು ಮುಂದಿನ ಸಾಲು ಹುಡುಕುತ್ತಿದ್ದಾರೆ. ಅದು ಪೂರ್ತಿ ಸಿಕ್ಕರೆ ಕಂಪನಿ ಭಾಗಕ್ಕೆ ಸೇರಿಸುತ್ತೇವೆ. ಅದಕ್ಕೆ ಜಾಗ ಮಾಡಲು ಅಜ್ಜನ ಐದು ನಿಮಿಷವನ್ನು ಇನ್ನೂ ಒಂದು ನಿಮಿಷ ಕಡಿಮೆ ಮಾಡಬೇಕಾಗಬಹುದು.