ಹಳೇ ಬೆಂಜ್‌ಗೆ ಸಸ್ಪೆನ್ಶನ್ ಸಾಮಾನು ಆರಿಸಿದ್ದು: ಕಾರವಾರದಿಂದ ನನ್ನ ಅನುಭವ

ಹಳೇ ಬೆಂಜ್ ಇಟ್ಟುಕೊಂಡವರು ಕೆಳಗಡೆ ಸದ್ದು ಶುರುವಾದ ತಕ್ಷಣ ಕೇಳೋದು ಒಂದೇ, ಶಾಕ್ ಅಬ್ಸಾರ್ಬರ್ ಯಾವ ಕಂಪನಿಯದ್ದು ಹಾಕಲಿ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೀಲುಗಳ ರಬ್ಬರ್, ಅಂದರೆ ಬುಷ್, ನೋಡಿ. ಆಮೇಲೆ ಬಾಲ್ ಜಾಯಿಂಟ್, ಅಂದರೆ ಚಕ್ರದ ಕಡೆಯ ಗುಂಡು ಕೀಲು. ಆಮೇಲೆ ಬೋಲ್ಟು. ಶಾಕು, ಸ್ಪ್ರಿಂಗು ಎಲ್ಲ ಅದಾದ ಮೇಲೆ. ನನ್ನ ಕಾರಿಗೆ ಹಿಂದೆ ಮುಂದೆ ಎರಡೂ ಕಡೆ ಕೆಲಸ ಆಗಿದೆ, ಅರ್ಧ ನಾನೇ ಮಾಡಿದ್ದು, ಅರ್ಧ ಬುಷ್ ಒತ್ತಿ ಕೂರಿಸುವ ಪ್ರೆಸ್ ಮಷಿನ್ ಇರೋ ಗ್ಯಾರೇಜಿನಲ್ಲಿ ಮಾಡಿಸಿದ್ದು. ಅದರ ಮೇಲೆ ಪೂರ್ತಿ ಒಂದು ಮಳೆಗಾಲ ಓಡಿಸಿ ಈಗ ಬರೆಯುತ್ತಿದ್ದೇನೆ.

ಕಾರು 1996ರ ಇ 250 ಡೀಸೆಲ್. ಕಂಪನಿಯ ಮಾದರಿ ಹೆಸರಿನಲ್ಲಿ ಡಬ್ಲ್ಯು 124, ಚಿಕ್ಕದಾಗಿ 124 ಅಂತಾರಲ್ಲ, ಅದು. ಮರ್ಸಿಡಿಸ್‌ನವರು 1995ರಲ್ಲಿ ಪುಣೆಯಲ್ಲಿ ಮೊದಲು ಜೋಡಿಸಲು ಶುರು ಮಾಡಿದ್ದು ಇದೇ ಗಾಡಿ. ಮುಂಬೈಯಲ್ಲಿದ್ದ ನೆಂಟರೊಬ್ಬರಿಂದ ತಗೊಂಡೆ. ಮನೆ ಕೋಡಿಬಾಗದಲ್ಲಿ, ಅಂದರೆ ವರ್ಷಪೂರ್ತಿ ಉಪ್ಪುಗಾಳಿ. ಹೆಂಡತಿಯ ತವರು ಶಿರಸಿ ಹತ್ತಿರ, ಹಾಗಾಗಿ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವುದು ನಮಗೆ ಮಾಮೂಲು. ಆ ರಸ್ತೆ ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ಕಾರಿನ ಕೆಳಭಾಗಕ್ಕೆ ಏನು ಗತಿ ಅಂತ. ಕೆಳಗೆ ಉಪ್ಪು, ಮೇಲೆ ಕೆಮ್ಮಣ್ಣು. ಈ ಎರಡೂ ಸೇರಿದ ಕಾರಿಗೆ ಸಾಮಾನು ಆರಿಸುವ ರೀತಿಯೇ ಬೇರೆ. ಬಯಲುಸೀಮೆಯ ಒಣ ಊರಿನವರ ಸಲಹೆ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ತೊಂದರೆ ಏನಿತ್ತು ಅಂದರೆ, ರೋಡ್ ಹಂಪ್ ಇಳಿಯುವಾಗ ಮುಂದೆ ಎಡಗಡೆ "ಟಕ್" ಅಂತ ಒಂದೇ ಸದ್ದು. ಹೈವೇಯಲ್ಲಿ 80 ದಾಟಿದರೆ ಸ್ಟಿಯರಿಂಗ್ ಸ್ವಲ್ಪ ಆಚೀಚೆ ಅಲೆಯುತ್ತಿತ್ತು. ಮುಂದಿನ ಟಯರ್ ಒಳಗಡೆಯಿಂದ ಸವೆದಿತ್ತು. ಒಬ್ಬರು ನಾಲ್ಕೂ ಶಾಕ್ ಬದಲಿಸಿ ಅಂದರು. ಇನ್ನೊಬ್ಬರು ಪೂರ್ತಿ ಕಿಟ್ ಬರುತ್ತೆ, ಸುಮ್ನೆ ಎಲ್ಲಾ ಹಾಕಿಬಿಡಿ ಅಂದರು. ಎರಡಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ, ಏನು ಹೋಗಿದೆ ಅಂತ ನೋಡದೆ ಸಾಮಾನು ತರಿಸೋದು ನನಗೆ ಆಗದ ಕೆಲಸ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು, ತುಂಬಾ ಗ್ಯಾರೇಜುಗಳಲ್ಲಿ ಇದನ್ನು ತಪ್ಪಾಗಿ ನೋಡುತ್ತಾರೆ. ಈ ಕಾರಿನ ಮುಂದೆ ಸ್ಪ್ರಿಂಗ್ ಶಾಕಿನ ಸುತ್ತ ಇರುವುದಿಲ್ಲ. ಬೇರೆಯಾಗಿ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕಾರಿಗೆ ಸೇರಿಸುವ ಕೆಳಗಿನ ತೋಳಿನ ಮೇಲೆ ಕೂತಿರುತ್ತದೆ. ಅಂದರೆ ಆ ಮೂಲೆಯ ಭಾರ ಎಲ್ಲ ಚಕ್ರದಿಂದ ಕೆಳಗಿನ ಬಾಲ್ ಜಾಯಿಂಟ್ ಮೂಲಕ ಆರ್ಮ್‌ಗೆ ಹೋಗಿ ಸ್ಪ್ರಿಂಗ್‌ಗೆ ಸೇರುತ್ತದೆ. ಕಾರಿನ ಬಾಡಿಯ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ನೇತಾಡಲು ಬಿಟ್ಟು ಅಲ್ಲಾಡಿಸಿದರೆ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿದಿರುತ್ತದೆ, ಜಾಯಿಂಟ್ ಬಿಗಿಯಾಗೇ ಇರುತ್ತದೆ, ಸಡಿಲ ಕಾಣಿಸುವುದೇ ಇಲ್ಲ. ಜ್ಯಾಕನ್ನು ಲೋವರ್ ಆರ್ಮ್ ಕೆಳಗೇ, ಆದಷ್ಟು ಚಕ್ರದ ಹತ್ತಿರ ಕೊಟ್ಟು ಎತ್ತಬೇಕು. ಆಗ ಜಾಯಿಂಟ್ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಟಯರ್ ಅಡಿಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದರೆ ಇದ್ದ ಸಡಿಲ ಎಲ್ಲ ಕೈಗೆ ಸಿಗುತ್ತದೆ. ನಾವು ಹೀಗೆ ನೋಡಿದಾಗ ಎಡಗಡೆ ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಎದ್ದು ಬಿತ್ತು.

"ಮಾಸ್ತರೇ, ಶಾಕ್ ಇನ್ನೂ ಗಟ್ಟಿ ಇದೆ, ಹೋಗಿದ್ದು ಇದು ನೋಡಿ" ಅಂತ ಮೆಕ್ಯಾನಿಕ್ ಆರ್ಮಿನ ಬುಷ್‌ಗೆ ಬ್ಯಾಟರಿ ಬಿಟ್ಟು ತೋರಿಸಿದರು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವನು, ಊರಲ್ಲಿ ಎಲ್ಲರೂ ಹಾಗೇ ಕರೆಯೋದು. ಬುಷ್ ಹೊರಗಿನಿಂದ ಸರಿ ಇದ್ದ ಹಾಗೇ ಕಾಣುತ್ತಿತ್ತು. ತಂತಿ ಬ್ರಶ್ಶಿನಲ್ಲಿ ಮಣ್ಣು ಉಜ್ಜಿದ ಮೇಲೆ ನೋಡಿದರೆ ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಉಗುರು ಹಾಕಿದರೆ ಒಳಗೆ ಹೋಗುತ್ತಿತ್ತು. ಟಯರ್ ಒಳಗಡೆ ಸವೆದಿದ್ದಕ್ಕೆ ಕಾರಣ ಅಲ್ಲೇ ಇತ್ತು, ಬ್ರೇಕ್ ಹಾಕಿದಾಗಲೆಲ್ಲ ಆರ್ಮ್ ಜಾಗ ಬಿಟ್ಟು ಸರಿಯುತ್ತಿತ್ತು.

ಹಿಂದಿನ ಕಡೆ ಕಥೆ ಬೇರೆ. ಈ ಕಾರಿಗೆ ಹಿಂದೆ ಪ್ರತಿ ಚಕ್ರಕ್ಕೂ ಐದು ಲಿಂಕ್, ಅಂದರೆ ಚಕ್ರವನ್ನು ಹಿಡಿದಿರುವ ಐದು ತೋಳು. ಮರ್ಸಿಡಿಸ್ ಈ ಐದು ಲಿಂಕಿನ ವ್ಯವಸ್ಥೆಯನ್ನು 1982ರಲ್ಲಿ ಚಿಕ್ಕ 190 ಕಾರಿಗೆ ಮೊದಲು ಹಾಕಿತ್ತು, ಆಮೇಲೆ 124ಕ್ಕೂ ಬಂತು. ಇದರಲ್ಲಿ ಸ್ಪ್ರಿಂಗ್ ಕೂರುವ ಕೆಳಗಿನ ಆರ್ಮ್‌ಗೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಅದನ್ನು ಬಿಚ್ಚಿ ನೋಡುವವರು ಕಡಿಮೆ. ನಾನು ಬಿಚ್ಚಿದಾಗ ಒಳಗಿನಿಂದ ಕೆಮ್ಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಹೊರಗೆ ಒಣಗಿದ್ದು, ಒಳಗೆ ಇನ್ನೂ ಹಸಿ. ಆ ಹಸಿ ಕೂತ ಜಾಗದಲ್ಲೆಲ್ಲ ಕಬ್ಬಿಣ ಪದರ ಪದರವಾಗಿ ಏಳುತ್ತಿತ್ತು. ಕರಾವಳಿಯಲ್ಲಿ ಈ ಕಾರು ಇರುವವರು ಇವತ್ತೇ ಆ ಕವರ್ ಬಿಚ್ಚಿ ನೋಡಿ, ದಯವಿಟ್ಟು. ಸ್ಪ್ರಿಂಗಿನ ಭಾರ ಹೊರುವ ಆರ್ಮ್ ಅದು.

ಏನೇನು ಬೇಕು ಅಂತ ಗೊತ್ತಾಯಿತು. ಇನ್ನು ತರಿಸುವ ಮಾತು.

ನಾನು ಪಾರ್ಟ್ ನಂಬರ್ ಇಲ್ಲದೆ ಏನನ್ನೂ ತರಿಸಲಿಲ್ಲ. ಮರ್ಸಿಡಿಸ್ ನಂಬರಿಗೆ ಒಂದು ಕ್ರಮ ಇದೆ. ಮೊದಲು "ಎ", ಆಮೇಲೆ ಯಾವ ಮಾದರಿಗೆ ಮಾಡಿದ್ದು ಅನ್ನೋ ಮೂರು ಅಂಕಿ, ಆಮೇಲೆ ಗುಂಪಿನ ಅಂಕಿ. 32 ಅಂದರೆ ಸ್ಪ್ರಿಂಗ್, ಶಾಕ್ ಕಡೆಯದ್ದು, 33 ಮುಂದಿನ ಆಕ್ಸಲ್, 35 ಹಿಂದಿನದು, 46 ಸ್ಟಿಯರಿಂಗ್. 124ಕ್ಕೆ ಬೇಕಾದ ಕೆಲವು ಸಾಮಾನಿಗೆ 201 ಅಂತ ಶುರುವಾಗುವ ನಂಬರ್ ಇರುತ್ತದೆ, 201 ಅಂದರೆ ಆ 190 ಕಾರಿನ ಮಾದರಿ ಅಂಕಿ, ಅದರಿಂದ ಬಂದಿದ್ದಕ್ಕೆ, ಗಾಬರಿ ಬೇಡ. ಚಾಸಿಸ್ ನಂಬರ್ ಕೊಟ್ಟು ಸರಿಯಾದ ನಂಬರ್ ತೆಗೆಸಿ, ಅದನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ. ಒಂದು ಅಂಗಡಿಯವರು "ಇದು ಜರ್ಮನ್ ಮಾಲು" ಅಂತ ಬರೀ ಪ್ಲಾಸ್ಟಿಕ್ ಚೀಲದಲ್ಲಿದ್ದ ಆರ್ಮ್ ತೋರಿಸಿದರು. ಮೈಮೇಲೆ ನಂಬರ್ ಇಲ್ಲ, ಹೆಸರಿಲ್ಲ. ಬಾಲ್ ಜಾಯಿಂಟ್ ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಹೊಸ ಜಾಯಿಂಟ್ ಬಿಗಿಯಾಗಿ, ಎಲ್ಲ ಕಡೆ ಒಂದೇ ಸಮ ತಿರುಗಬೇಕು. ಅಲ್ಲಿಂದ ಎದ್ದು ಬಂದೆ.

ಮುಂದಿನ ಲೋವರ್ ಆರ್ಮ್ ಎರಡನ್ನೂ ಬುಷ್, ಬಾಲ್ ಜಾಯಿಂಟ್ ಸಮೇತ ಲೆಮ್‌ಫೋರ್ಡರ್ ತಗೊಂಡೆ. ಹಳೇ ಆರ್ಮ್‌ಗೆ ಬರೀ ಬುಷ್ ಹೊಡೆಸಬಹುದಿತ್ತು, ದುಡ್ಡು ತುಂಬಾ ಉಳಿಯುತ್ತಿತ್ತು. ಒಣ ಊರಿನಲ್ಲಿದ್ದರೆ ಹಾಗೇ ಮಾಡುತ್ತಿದ್ದೆ. ಇಲ್ಲಿ ಹಳೇ ಆರ್ಮಿನ ಸ್ಪ್ರಿಂಗ್ ಕೂರುವ ಬಟ್ಟಲು ಸವೆದಿತ್ತು, ಬುಷ್ ಕೂರುವ ಗೂಡಿನಲ್ಲೂ ತುಕ್ಕು. ಅಂಥ ಗೂಡಿಗೆ ಹೊಸ ಬುಷ್ ಒತ್ತಿದರೆ ಬಿಗಿ ಸಿಗುವುದಿಲ್ಲ. ಲೆಮ್‌ಫೋರ್ಡರ್ ಯಾಕೆ ಅಂದರೆ ಮರ್ಸಿಡಿಸ್ ಕಾರ್ಖಾನೆಗೇ ಇವರು ಸಾಮಾನು ಕೊಡುವವರು, ಈಗ ಝಡ್‌ಎಫ್ ಕಂಪನಿಯ ಕೆಳಗಿದ್ದಾರೆ. ಅವರ ಸಾಮಾನಿನ ಮೇಲೆ ಗೂಬೆಯ ಗುರುತು ಇರುತ್ತದೆ. ಕೆಲವು ಸಾಮಾನಿನಲ್ಲಿ ಮೂರು ಮೂಲೆಯ ನಕ್ಷತ್ರ ಇದ್ದ ಜಾಗವನ್ನು ಉಜ್ಜಿ ತೆಗೆದ ಗೀರು ಕಾಣುತ್ತದೆ. ಅದನ್ನು ನೋಡಿ ಡೂಪ್ಲಿಕೇಟ್ ಅಂದುಕೊಳ್ಳಬೇಡಿ. ಅದೇ ಅಚ್ಚಿನಲ್ಲಿ ಬಂದ ಅದೇ ಸಾಮಾನು, ಮರ್ಸಿಡಿಸ್ ಡಬ್ಬಿಯಲ್ಲಿ ಬಾರದೆ ಇವರದೇ ಡಬ್ಬಿಯಲ್ಲಿ ಬರುವುದಕ್ಕೆ ಗುರುತು ಉಜ್ಜಿರುತ್ತಾರೆ.

ಇನ್ನೊಂದು ಗೊಂದಲ ಹೆಸರಿನದ್ದು. ಫೆಬಿ ಬಿಲ್‌ಸ್ಟೈನ್ ಬೇರೆ, ಶಾಕ್ ಮಾಡುವ ಬಿಲ್‌ಸ್ಟೈನ್ ಬೇರೆ. ಎರಡೂ ಜರ್ಮನಿಯ ಎನ್ನೆಪೆಟಾಲ್ ಊರಿನ ಕಡೆಯವೇ, ಆದರೆ ಕಂಪನಿ ಬೇರೆ ಬೇರೆ. ಹಳದಿ ನೀಲಿ ಶಾಕಿನ ಹೆಸರು ನಂಬಿಕೊಂಡು ಫೆಬಿ ಬುಷ್ ತಗೊಂಡವರು ಸುಮಾರು ಜನ ಇದ್ದಾರೆ. ಫೆಬಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಸ್ಟೆಬಿಲೈಜರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಬುಷ್‌ನಂಥ ಸಣ್ಣ ಸಾಮಾನಿಗೆ ನಾನೂ ಅದನ್ನೇ ಹಾಕಿದ್ದೇನೆ. ಏನು ಕೊಳ್ಳುತ್ತಿದ್ದೀರಿ ಅನ್ನೋದು ಗೊತ್ತಿರಲಿ ಅಷ್ಟೇ.

ರಬ್ಬರ್ ಸಾಮಾನು ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅಚ್ಚಿನ ಗಡಿಯಾರ. ಚಿಕ್ಕ ವೃತ್ತ, ನಡುವೆ ಬಾಣ, ಸುತ್ತ 1ರಿಂದ 12 ಅಂಕಿ. ಬಾಣ ತೋರಿಸುವುದು ತಿಂಗಳು, ನಡುವಿನ ಅಂಕಿ ವರ್ಷ. ಎಲ್ಲದರ ಮೇಲೂ ಇರುವುದಿಲ್ಲ. ಆದರೆ ಹಳೇ ಕಾರಿನ ಸಾಮಾನು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ರಬ್ಬರ್ ಕೂತಲ್ಲೇ ಗಟ್ಟಿಯಾಗುತ್ತದೆ. ತುಂಬಾ ಹಳೇದಾದರೆ ಎಷ್ಟೇ ಒರಿಜಿನಲ್ ಆಗಿರಲಿ ವಾಪಸ್ ಕೊಟ್ಟುಬಿಡಿ.

ರಬ್ಬರ್ ಬದಲು ಪಾಲಿಯುರೆಥೇನ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನ ಬುಷ್ ಹಾಕಿ, ಉಪ್ಪುಗಾಳಿಗೂ ಬಾಳಿಕೆ ಜಾಸ್ತಿ ಅಂತ ಹೇಳುವವರಿದ್ದಾರೆ. ಈ ಕಾರಿಗೆ ನನಗೆ ಅದು ಬೇಡವೇ ಬೇಡ. ಒರಿಜಿನಲ್ ಬುಷ್‌ನಲ್ಲಿ ರಬ್ಬರ್ ಒಳಗಿನ ಹೊರಗಿನ ಎರಡೂ ಕೊಳವೆಗೆ ಅಂಟಿರುತ್ತದೆ, ತಾನೇ ತಿರುಚಿಕೊಂಡು ಚಕ್ರವನ್ನು ಮೇಲೆ ಕೆಳಗೆ ಬಿಡುತ್ತದೆ. ಹಿಂದಿನ ಐದು ಲಿಂಕೂ ಒಂದೊಂದು ದಿಕ್ಕಿಗೆ ಸ್ವಲ್ಪ ಸ್ವಲ್ಪ ಬಾಗಬೇಕು. ಗಟ್ಟಿ ಪಾಲಿ ಹಾಕಿದರೆ ಆ ಬಾಗುವಿಕೆಗೆ ಜಾಗ ಇಲ್ಲ, ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ, ಗುಂಡಿಯ ಪೆಟ್ಟು ಸೀದಾ ಸೀಟಿಗೆ ಬರುತ್ತದೆ. ಈ ಕಾರನ್ನು ಪ್ರೀತಿಸುವುದೇ ಅದರ ಮೆತ್ತನೆಯ ನಡಿಗೆಗೆ. ಅದನ್ನೇ ಕಳೆದುಕೊಂಡರೆ ಇಷ್ಟೆಲ್ಲ ಖರ್ಚು ಯಾಕೆ ಹೇಳಿ?

ಶಾಕ್ ವಿಷಯದಲ್ಲೂ ನನ್ನ ಲೆಕ್ಕ ಅದೇ. ಬಿಲ್‌ಸ್ಟೈನ್‌ನವರು 1957ರಿಂದಲೇ ಮರ್ಸಿಡಿಸ್‌ಗೆ ಗ್ಯಾಸ್ ಶಾಕ್ ಮಾಡಿಕೊಟ್ಟವರು. ಅವರಲ್ಲಿ ಬಿ4 ಅಂದರೆ ಕಂಪನಿ ಹಾಕಿದಂಥದ್ದೇ, ಬಿ6 ಅದಕ್ಕಿಂತ ಬಿಗಿ, ಬಿ8 ತಗ್ಗಿಸಿದ ಸ್ಪ್ರಿಂಗಿಗೆ. ಘಟ್ಟದ ತಿರುವಿಗೆ ಬಿ6 ಒಳ್ಳೇದು ಅಂತಾರೆ, ತಿರುವಿನಲ್ಲಿ ಅದು ನಿಜವೂ ಹೌದು. ಆದರೆ ನಮ್ಮ ಗುಂಡಿಗಳಿಗೆ ಬಿ4 ಸಾಕು, ಇಲ್ಲಾಂದರೆ ಸ್ಯಾಕ್ಸ್ ಕಂಪನಿಯದ್ದು. ನನ್ನ ಕಾರಿನ ಮುಂದಿನ ಶಾಕ್ ಎರಡೂ ಎಣ್ಣೆ ಸೋರಿರಲಿಲ್ಲ, ಬಾನೆಟ್ ಒತ್ತಿ ಬಿಟ್ಟರೆ ಒಂದೇ ಸಲಕ್ಕೆ ನಿಲ್ಲುತ್ತಿತ್ತು. ಅವನ್ನು ಹಾಗೇ ಬಿಟ್ಟೆ. ಶಾಕಿನ ಮೇಲ್ತುದಿ ಕೂರುವ ರಬ್ಬರ್ ಮೌಂಟ್ ಮಾತ್ರ ಬದಲಿಸಿದೆ. ಹಿಂದಿನ ಎರಡು ಸೋರಿದ್ದವು, ಅಲ್ಲಿಗೆ ಬಿ4 ಬಂತು. ಟಯರ್ 195/65 ಆರ್ 15 ಅಳತೆಯದ್ದೇ ಉಳಿಸಿಕೊಂಡೆ. ಅಗಲದ ದೊಡ್ಡ ಅಲಾಯ್ ಹಾಕಿ ಆಮೇಲೆ ಶಾಕ್ ಗಟ್ಟಿಯಾಯಿತು ಅಂತ ದೂರುವವರಿಗೆ ಮೊದಲು ಹಳೇ ಅಳತೆಗೆ ಬನ್ನಿ ಅಂತಲೇ ನಾನು ಹೇಳೋದು.

ಸ್ಪ್ರಿಂಗ್ ತುಂಬಾ ಜನ ಬೇಡದಿದ್ದರೂ ಬದಲಿಸುತ್ತಾರೆ. ಕಾರು ಒಂದು ಕಡೆ ವಾಲಿದರೆ ಮೊದಲು ಸ್ಪ್ರಿಂಗಿನ ಮೇಲಿನ ರಬ್ಬರ್ ಪ್ಯಾಡ್ ನೋಡಿ. ಈ ಪ್ಯಾಡ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿರುವ ಗುಬುಟು ಎಣಿಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಮುಂದಿನ ಪ್ಯಾಡಿನಲ್ಲಿ ಒಂದು ಗುಬುಟು ಅಂದರೆ 8 ಮಿ.ಮೀ., ಎರಡಕ್ಕೆ 13, ಮೂರಕ್ಕೆ 18, ನಾಲ್ಕಕ್ಕೆ 23. ಕಾರಿಗೆ ಏಸಿ, ಸನ್‌ರೂಫ್ ಹೀಗೆ ಏನೇನು ಇದೆ ಅಂತ ಪಾಯಿಂಟ್ ಲೆಕ್ಕ ಹಾಕಿ ಕಂಪನಿಯವರೇ ಸ್ಪ್ರಿಂಗ್, ಪ್ಯಾಡ್ ಆರಿಸುತ್ತಿದ್ದರು. ಹಾಗಾಗಿ ಬೇರೆಯವರ 124ರ ಸ್ಪ್ರಿಂಗ್ ನಿಮ್ಮದಕ್ಕೆ ಸರಿಯಾಗುತ್ತದೆ ಅಂತ ಹೇಳಕ್ಕಾಗಲ್ಲ. ನನ್ನ ಸ್ಪ್ರಿಂಗ್‌ಗಳ ತುದಿ ಮುರಿದಿರಲಿಲ್ಲ, ತೊಳೆದು ಬಣ್ಣ ಹೊಡೆದು ಅವನ್ನೇ ಹಾಕಿ ಪ್ಯಾಡ್ ಮಾತ್ರ ಹೊಸದು ಕೊಟ್ಟೆ. ಮುಂದಿನ ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಅದಕ್ಕೆ ಸ್ಪ್ರಿಂಗಿನ ಒಳಗೆ ಕೂರುವ ಕಂಪ್ರೆಸರ್ರೇ ಬೇಕು, ಹೊರಗಡೆ ಕೊಕ್ಕೆ ಹಾಕುವ ಜಾತಿಯದ್ದು ಜಾರಿದರೆ ಪ್ರಾಣಕ್ಕೇ ಕುತ್ತು. ಅದು ಗ್ಯಾರೇಜಿನಲ್ಲೇ ಆಯಿತು.

ಸ್ಟಿಯರಿಂಗ್ ಅಲೆಯುತ್ತಿತ್ತು ಅಂದೆನಲ್ಲ, ಅದರಲ್ಲಿ ದೊಡ್ಡ ಪಾಲು ಐಡ್ಲರ್ ಆರ್ಮ್ (ಸ್ಟಿಯರಿಂಗ್ ಸರಳಿನ ಆಚೆ ತುದಿ ಹಿಡಿದಿರುವ ತೋಳು) ಬುಷ್‌ನದ್ದು. ಇಡೀ ಕೆಲಸದಲ್ಲಿ ಅತಿ ಕಡಿಮೆ ಬೆಲೆಯ ಸಾಮಾನು. ಹಾಕಿದ ದಿನವೇ ಫರಕು ಗೊತ್ತಾಯಿತು.

ಸಾಮಾನಿನ ಪಟ್ಟಿಯಲ್ಲಿ ಬೋಲ್ಟು ಸೇರಿಸಲೇಬೇಕು, ಕರಾವಳಿಯವರು ಮುಖ್ಯವಾಗಿ. ಲೋವರ್ ಆರ್ಮಿನ ಒಳತುದಿಯ ಬೋಲ್ಟುಗಳು ಎಕ್ಸೆಂಟ್ರಿಕ್, ಅಂದರೆ ನಡು ತಪ್ಪಿದಂಥವು, ತಿರುಗಿಸಿದರೆ ಕ್ಯಾಂಬರ್ (ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ), ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲುವ ಕೋನ) ಬದಲಾಗುತ್ತದೆ. ನಮ್ಮಲ್ಲಿ ಇವು ಬುಷ್‌ನ ಕೊಳವೆಗೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ನನ್ನದರಲ್ಲಿ ಒಂದನ್ನು ಕೊಯ್ದೇ ತೆಗೆಯಬೇಕಾಯಿತು. ಹೊಸ ಬೋಲ್ಟ್, ವಾಷರ್, ನಟ್ ಮೊದಲೇ ತರಿಸಿ ಇಟ್ಟಿದ್ದಕ್ಕೆ ಕೆಲಸ ನಿಲ್ಲಲಿಲ್ಲ. ಇಲ್ಲದಿದ್ದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ಬಸ್ಸಿಗೆ ಪಾರ್ಸೆಲ್ ಬರುವವರೆಗೆ ಕಾರು ಜ್ಯಾಕ್ ಮೇಲೇ ಇರುತ್ತಿತ್ತು.

ಬುಷ್ ಬೋಲ್ಟುಗಳ ಕೊನೆಯ ಬಿಗಿ ಮಾತ್ರ ಕಾರು ತನ್ನ ಚಕ್ರದ ಮೇಲೆ ಭಾರ ಬಿಟ್ಟು ನಿಂತಾಗಲೇ ಆಗಬೇಕು. ಚಕ್ರ ನೇತಾಡುವಾಗ ಬಿಗಿ ಮಾಡಿ ಇಳಿಸಿದರೆ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಒರಿಜಿನಲ್ ಹಾಕಿದರೂ ಬಾಳಲಿಲ್ಲ ಅನ್ನುವವರು ಇದನ್ನು ಒಮ್ಮೆ ಗ್ಯಾರೇಜಿನಲ್ಲಿ ವಿಚಾರಿಸಿ. ನಾವು ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ ಇಟ್ಟು, ಕಾರನ್ನು ಕುಲುಕಿ ಕೂರಿಸಿ, ಕೆಳಗೆ ಮಲಗಿ ಒಂದೊಂದೇ ಬಿಗಿ ಮಾಡಿದೆವು. ಬೋಲ್ಟಿನ ತಿರುಪಿಗೂ ಹೊರಗೆ ಕಾಣುವ ತಲೆಗೂ ಮೇಣದಂಥ ತುಕ್ಕು ತಡೆಯುವ ಲೇಪ ಕೊಟ್ಟೆವು.

ಅಲೈನ್‌ಮೆಂಟ್ ಮಾಡಿಸುವಾಗ ಬರೀ ಟೋ, ಅಂದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಅನ್ನೋದನ್ನು ನೋಡಿ ಕಳಿಸಿಬಿಡುತ್ತಾರೆ. ಈ ಕಾರಿಗೆ ಕ್ಯಾಸ್ಟರ್ ಸುಮಾರು 10 ಡಿಗ್ರಿ, ನೇರ ಓಡುವುದಕ್ಕೆ ಅದೇ ಆಧಾರ. ಮುಂದೆ ಮೂರೂ ಅಳತೆ, ಹಿಂದೆ ಟೋ, ಎಲ್ಲ ನೋಡುವ ಮಷಿನ್ ಇರುವಲ್ಲಿಗೇ ಹೋಗಿ, ಅಳತೆಯ ಕಾಗದ ಕೈಗೆ ತಗೊಳ್ಳಿ.

ಹಿಂದಿನ ಸಬ್‌ಫ್ರೇಮಿನ (ಆ ಲಿಂಕುಗಳೆಲ್ಲ ಸೇರುವ ಚೌಕಟ್ಟಿನ) ನಾಲ್ಕು ರಬ್ಬರ್ ಮೌಂಟ್ ಇನ್ನೂ ಹಳೇವೇ. ಗೇರ್ ಬದಲಾಗುವಾಗ ಹಿಂದೆ ಸಣ್ಣ ಜಗ್ಗು ಶುರುವಾಗಿದೆ, ಹಾಗಾಗಿ ಸರದಿ ಅವುಗಳದ್ದು. ಅದರ ಜೊತೆಗೇ ಹಿಂದಿನ ಚಕ್ರವನ್ನು ಹೊರುವ ಕ್ಯಾರಿಯರ್ ಅನ್ನೋ ಭಾಗದಲ್ಲಿ ಕೂರುವ ಬುಷ್ ಕೂಡ ಮಾಡಿಸಬೇಕು, ಅದಕ್ಕೆ ಬೇರೆಯದೇ ಪ್ರೆಸ್ ಟೂಲ್ ಬೇಕು. ಗೋವಾ ಕಡೆಯಾಗಲಿ ಹುಬ್ಬಳ್ಳಿ ಕಡೆಯಾಗಲಿ ಆ ಟೂಲ್ ಇರುವ ಗ್ಯಾರೇಜ್ ನಿಮಗೆ ಗೊತ್ತಿದ್ದರೆ ತಿಳಿಸಿ, ಬೇಸಿಗೆ ರಜೆಯಲ್ಲಿ ಕಾರು ತಗೊಂಡು ಬರುತ್ತೇನೆ.